ಸಾಬವ್ವನ ಮನೆ ನೋಡಲು ಬಂದವರು

ದುರ್ಗಾ ಪಕ್ಕದ ಮನೆಯ ರೇಣುವಿನ ಬಲಗಡೆಯ ಜಡೆ ಮುಗಿಸಿ ಎಡಗಡೆಯದಕ್ಕೆ ಕೈ ಹಾಕಿದ್ದಳು. ಹುಡುಗಿ ಹಿಂದೆ ಹೊರಳಿ ನೋಡಲು ಹೋದಾಗಲೆಲ್ಲ ಗಲ್ಲ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದಳು. ಹಿಂದೆ, ಬಾಗಿಲ ಪಕ್ಕದ ಗೋಡೆಗೆ ಆನಿಸಿ, ದುರ್ಗಾಳ ಅವ್ವ ಸಾಬವ್ವನನ್ನು ಕೂರಿಸಿದ್ದರು. ಹಣೆಗೆ ಅಗಲ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ಚೆಂಡುಹೂವಿನ ಹಾರ. ನಿನ್ನೆ ಸಂಜೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದವಳು ಎದೆ ಹಿಡಿದುಕೊಂಡು ಒರಗಿದ್ದಳು, ಮತ್ತೆ ಏಳಲಿಲ್ಲ. ಪುಣೆಯ ಯೆರವಡಾದ ಆ ಓಣಿಯಲ್ಲಿ ಬೆಳಗಿನತನಕ ಭಜನೆ ನಡೆದಿತ್ತು. ಈಗ ಪತ್ರಾಸಿನ ತಗಡು ಮಾಡುಗಳ ಮೇಲೆ ಬಿಸಿಲು ಬಿದ್ದು, ತಾಳ ಹಿಡಿದವರು ಚಹಾಕ್ಕೆಂದು ಎದ್ದಿದ್ದರು.

"ದುರ್ಗಾ, ಏನ್ ನಡಿಸೀದಿ?"

ಈರಣ್ಣನ ದನಿ. ಓಣಿಗೆಲ್ಲ ಹಿರಿಯ ಅವನು. ಒಂದು ಕಾಲಕ್ಕೆ ಇವರೆಲ್ಲರ ಮುಕಾದಮನಾಗಿ, ಕಟ್ಟಡದಿಂದ ಕಟ್ಟಡಕ್ಕೆ ಆಳುಗಳನ್ನು ಕರೆದೊಯ್ದವನು.

"ಹೆತ್ತಾಕಿ ಅಲ್ಲಿ ಕುಂತಾಳ. ಹೆಣ ಏಳೂತನಕ ಓಣ್ಯಾಗ ಯಾರೂ ತಲಿ ಹಿಕ್ಕೋಬಾರದು. ನೀ ನೋಡಿದರ ಎಣ್ಣಿ ಹಚ್ಚಿ ಜಡಿ ಹಾಕಾಕತ್ತೀದಿ."

"ಇವತ್ತ ರೇಣುನ ಇಂಟರ್‌ವ್ಯೂ ಅದ, ಕಾಕಾ. ಲೋಣಾವಳಾದ ಸಾಲ್ಯಾಗ."

"ಮುಂದಿನ ವಾರ ಹೋದರಾಯ್ತು."

"ಫೀ ಮಾಫಿ ಮಾಡೋ ಹುಡುಗೇರನ್ನ ಆರಿಸೋದು ವರ್ಷಕ್ಕ ಒಂದೇ ದಿನ. ಐದನೇ ಇಯತ್ತೆಗೆ ಈ ವರ್ಷ ಬಿಟ್ಟರ ರೇಣುಗ ವಯಸ್ಸು ಮೀರ್ತದ."

ಈರಣ್ಣ ಕೈ ಕೊಡವಿದ. ಅಂಗಳದಲ್ಲಿ ಕುಳಿತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ದುರ್ಗಾಳನ್ನು ಬೈಯುವ ಸ್ಥಿತಿಯಲ್ಲಿರಲಿಲ್ಲ. ಓಣಿಯ ಹುಡುಗಿ ಈಗ ಸಾಸವಡದ ಸರ್ಕಾರಿ ದನದ ದವಾಖಾನೆಯ ಡಾಕ್ಟರು. ಅವಳೆದುರು ದನಿ ಏರಿಸಲು ಈರಣ್ಣನಿಗೊಬ್ಬನಿಗೇ ಧೈರ್ಯ.

ನಿಜವಾಗಿ ಅಡ್ಡ ನಿಂತವಳು ರೇಣುವಿನ ಅಜ್ಜಿ ಶರಣಮ್ಮ. ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಸಾಬವ್ವನೂ ಅವಳೂ ಒಂದೇ ದಿನ ಸುರಪುರದ ಕಡೆಯಿಂದ ಒಂದೇ ಟ್ರಕ್ಕಿನಲ್ಲಿ ಬಂದು ಈ ಊರಿನಲ್ಲಿ ಇಳಿದವರು. ಇವತ್ತು ರೇಣುವಿನ ಜೊತೆ ಹೋಗಬೇಕಾಗಿದ್ದವಳು ಸಾಬವ್ವ. ಪಾಲಕರಾಗಿ ಮನೆಯವರೊಬ್ಬರು ಬೇಕೆಂದು ಶರಣಮ್ಮನೂ ಹೊರಡುವುದಿತ್ತು. ಈಗ ಶರಣಮ್ಮ ಹೆಣದ ಕಾಲು ಹಿಡಿದು ಕುಳಿತಿದ್ದಳು.

"ನಾ ಒಲ್ಲೆ, ದುರ್ಗಾ. ನಿಮ್ಮವ್ವನ ಬಾಯಾಗ ಕಡೀ ನೀರು ಹಾಕಿದಾಕಿ ನಾನು. ಆಕಿನ್ನ ಹಿಂಗ ಕುಂಡ್ರಿಸಿ ರೈಲು ಹತ್ತಲ್ಯಾ? ನನ್ನ ಮೊಮ್ಮಗಳು ಇಲ್ಲೇ ಓದಲಿ. ಕಾರ್ಪೊರೇಶನ್ ಸಾಲಿ ಅದಲ್ಲ."

"ಚಿಗವ್ವ, ನೀ ತಿರುಗಿ ಬರೂತನಕ ಅವ್ವನ ಎತ್ತಾಕ ಬಿಡಂಗಿಲ್ಲ. ಊರಿಂದ ಕಾಡಪ್ಪ ಮಾವ ಬರಬೇಕು, ತವರಿನ ಸೀರಿ ತರಬೇಕು. ಹೆಂಗೂ ಸಂಜಿ ಆಗ್ತದ."

"ಮಂದಿ ಏನಂದಾರು?"

ಆಗ, ಒಂದು ಮೂಲೆಯಲ್ಲಿ ಟವೆಲ್ಲು ಹೊದ್ದು ಕುಳಿತಿದ್ದ ಶಂಕ್ರೆಪ್ಪ ಬಾಯಿ ಬಿಟ್ಟ. ಸಾಬವ್ವನ ಗಂಡ. ನಿನ್ನೆಯಿಂದ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ.

"ಶರಣವ್ವ, ಒಳಗ ಹೋಗಿ ನೋಡು. ನಿನ್ನೆ ಮಧ್ಯಾಹ್ನ ಆಕಿ ರೇಣುನ ಅಂಗಿಗೆ ಇಸ್ತ್ರಿ ಮಾಡಿಸ್ಕೊಂಡು ಬಂದು ಗೂಟಕ್ಕ ಹಾಕ್ಯಾಳ. ಮುದುಡೀತು ಅಂತ ನನಗ ಆ ಗೋಡಿಗೆ ಆನಕೊಂಡು ಕೂಡ್ರಾಕ ಸುದ್ದಾ ಬಿಟ್ಟಿಲ್ಲ." ಅವನು ಟವೆಲ್ಲನ್ನು ಬಿಗಿಯಾಗಿ ಎಳೆದುಕೊಂಡ. "ಅದು ಗೂಟಕ್ಕ ಹಂಗs ಇರಬೇಕೇನು?"

ಅಷ್ಟರಲ್ಲಿ ಓಣಿಯ ಬಾಯಲ್ಲಿ ಸ್ಕೂಟರಿನ ಸದ್ದಾಯಿತು. ಧನಕವಡಿಯಿಂದ ಮನೋಹರ ಹಾರ ಹಿಡಿದು ಬಂದಿದ್ದರು. ವಿಜಾಪುರದ ಕಡೆಯವರು, ಒಂದು ಕಂಪನಿಯ ಆಫೀಸಿನಲ್ಲಿ ಗುಮಾಸ್ತರು. ಓಣಿಯವರಿಗೆ ಇಂಗ್ಲಿಷಿನ ಕಾಗದ ಬಂದರೆ ಓದಿ ಹೇಳುವವರು. ಹಾರ ಹಾಕಿ, ಕೈಮುಗಿದು, ಕಣ್ಣೊರೆಸಿಕೊಂಡು ಹಿಂದೆ ತಿರುಗುವಷ್ಟರಲ್ಲಿ ದುರ್ಗಾ ಅವರ ಮುಂದೆ ರೇಣುವನ್ನು ನಿಲ್ಲಿಸಿದಳು. ಇಸ್ತ್ರಿಯ ಗೆರೆ ಮುರಿಯದ ನೀಲಿ ಅಂಗಿ, ಎರಡು ಜಡೆ.

"ನೀವು ಇವರ ಕೂಡ ಹೋಗ್ತೀರೇನ್ರಿ? ಶಿವಾಜಿನಗರದಿಂದ ಲೋಕಲ್ ಹಿಡಿದರ ವೇಳೆಗೆ ಮುಟ್ತೀರಿ."

ಮನೋಹರ ಒಮ್ಮೆ ಸಾಬವ್ವನನ್ನು ನೋಡಿದರು, ಒಮ್ಮೆ ಹುಡುಗಿಯನ್ನು. "ನಡೀರಿ," ಎಂದರು.

ಶರಣಮ್ಮ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸಾಬವ್ವನ ಕಿವಿಯ ಹತ್ತಿರ ಬಾಗಿ, "ಎದ್ದು ಹೋಗಬ್ಯಾಡ ಮತ್ತ. ಬರ್ತೀನಿ," ಎಂದು ಹೇಳಿ ಹುಡುಗಿಯ ಕೈ ಹಿಡಿದು ಸರಸರನೆ ನಡೆದಳು. ಈರಣ್ಣ ಮುಖ ತಿರುಗಿಸಿ ಕುಳಿತ.

*

ಹದಿನೈದು ವರ್ಷದ ಹಿಂದೆ ಲೋಣಾವಳಾದ ಆ ಶಾಲೆಗೆ ಹೊಸ ಹಾಸ್ಟೆಲ್ಲು ಕಟ್ಟುತ್ತಿದ್ದರು. ಗುಡ್ಡದ ಮೇಲಿನ ಶಾಲೆ. ಮುಂಬೈ, ಪುಣೆಯ ದೊಡ್ಡ ದೊಡ್ಡವರ ಹೆಣ್ಣುಮಕ್ಕಳು ಅಲ್ಲೇ ಇದ್ದು ಓದುವಂಥದು. ಈರಣ್ಣನ ಗ್ಯಾಂಗಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಶಾಲೆಯ ಹಿಂಭಾಗದಲ್ಲಿ ಪತ್ರಾಸಿನ ಶೆಡ್ಡು ಹಾಕಿಕೊಂಡು ದೀಪಾವಳಿಯಿಂದ ಅಲ್ಲೇ ಇದ್ದರು. ಶಂಕ್ರೆಪ್ಪ ಗಾರೆ ಕಲಸುತ್ತಿದ್ದ, ಸಾಬವ್ವ ಬುಟ್ಟಿ ಹೊರುತ್ತಿದ್ದಳು, ಹತ್ತು ವರ್ಷದ ದುರ್ಗಾ ಹೊಸ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು.

ದುರ್ಗಾಳಿಗೆ ಆಗ ನಾಲ್ಕನೆಯ ಇಯತ್ತೆ ಎರಡನೆಯ ಸಲ. ದಡ್ಡಿಯಾಗಿ ಅಲ್ಲ. ಕೆಲಸ ಎಲ್ಲಿ ಬಂತೋ ಅಲ್ಲಿಗೆ ಗಂಟುಮೂಟೆ. ಒಂದು ಶಾಲೆಯಲ್ಲಿ ಹಾಜರಿ ಹತ್ತುವಷ್ಟರಲ್ಲಿ ಇನ್ನೊಂದು ಊರು. ಪರೀಕ್ಷೆಯ ದಿನ ಅವಳು ಯಾವ ಕಟ್ಟಡದ ಕೆಳಗಿರುತ್ತಾಳೋ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಭೀಮವ್ವ ಎಂಬ ಕನ್ನಡದ ಹೆಂಗಸೊಬ್ಬಳಿದ್ದಳು. ಒಂದು ಸಂಜೆ ನಲ್ಲಿಯ ಹತ್ತಿರ ಅವಳೇ ಹೇಳಿದಳು, "ಇಲ್ಲಿ ಎಲ್ಲಾರೂ ರೊಕ್ಕ ಕಟ್ಟಿ ಓದೋರಲ್ಲ ಸಾಬವ್ವ. ವರ್ಷಾ ಮೂರ್ನಾಕು ಬಡವರ ಹುಡುಗೇರನ್ನ ಟ್ರಸ್ಟಿನವರು ಪುಕ್ಕಟೆ ಇಟ್ಕೊಂಡು ಓದಿಸ್ತಾರ. ಊಟ, ಅರಬಿ, ಪುಸ್ತಕ ಎಲ್ಲಾ. ಕೇಳೋರs ಬರಂಗಿಲ್ಲ."

ಮರುದಿನ ಊಟದ ಬಿಡುವಿನಲ್ಲಿ ಸಾಬವ್ವ ಆಫೀಸಿನ ಮುಂದೆ ನಿಂತಳು. ಜವಾನ, ಪಗಾರು ಕೇಳಲು ಬಂದಿದ್ದಾಳೆಂದು ತಿಳಿದು, ಠೇಕೇದಾರನನ್ನು ಕೇಳು ಎಂದು ಓಡಿಸಿದ. ಅದರ ಮರುದಿನವೂ ನಿಂತಳು. ಆ ವಾರವೆಲ್ಲ ಅವಳು ಊಟ ಮಾಡಿದ್ದು ನಿಂತುಕೊಂಡೇ, ರೊಟ್ಟಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು. ಕೊನೆಗೆ ಅವಳಿಗೆ ಹೊಳೆಯಿತು: ಶಾಲೆ ನಡೆಸುವ ಹೆಡ್‌ಬಾಯಿಯ ಹತ್ತಿರ ತಾನು ಹೋಗಲಾಗದಿದ್ದರೇನು, ಹೊಸ ಕಟ್ಟಡ ನೋಡಲು ಆಕೆಯೇ ಬರುತ್ತಾಳಲ್ಲ.

ಪರಾಂಜಪೆ ಬಾಯಿ, ಬಿಳಿ ಕೂದಲಿನ ಎತ್ತರದ ಹೆಂಗಸು, ಕೊಡೆ ಊರಿಕೊಂಡು ಹೊಸ ಮೆಟ್ಟಿಲು ಹತ್ತಿ ಬಂದಾಗ ಸಾಬವ್ವ ತಲೆಯ ಮೇಲೆ ಬುಟ್ಟಿ ಹೊತ್ತವಳು ದಾರಿ ಬಿಡಲಿಲ್ಲ.

"ಕಾಯ್ ಪಾಹಿಜೆ?" ಏನು ಬೇಕೆಂದು ಬಾಯಿ ಕೇಳಿದರು.

"ಮಾಝ್ಯಾ ಮುಲೀಲಾ ಶಾಳಾ ಪಾಹಿಜೆ." ಮಗಳಿಗೆ ಶಾಲೆ ಬೇಕು. ಭೀಮವ್ವ ಕಲಿಸಿಕೊಟ್ಟಿದ್ದ ಮರಾಠಿ.

ಮನೆ ಎಲ್ಲಿ ಎಂದು ಕೇಳಿಕೊಂಡು, ಯೆರವಡಾದಲ್ಲಿ ಕಾರ್ಪೊರೇಶನ್ನಿನ ಶಾಲೆ ಇದೆಯಲ್ಲ ಎಂದರು ಬಾಯಿ.

"ತೀ ಆಹೆ. ಹೀ ಪಾಹಿಜೆ." ಅದು ಇದೆ. ಇದು ಬೇಕು.

ಬಾಯಿ ಕೊಡೆಯ ಮೇಲೆ ಭಾರ ಹಾಕಿ ಅವಳನ್ನು ದಿಟ್ಟಿಸಿದರು. ಇಲ್ಲಿಂದ ಮುಂದೆ ಸಾಬವ್ವನ ಮರಾಠಿ ಮುಗಿದಿತ್ತು. ಅವಳು ಕನ್ನಡದಲ್ಲೇ ಶುರು ಮಾಡಿದಳು. ಹಿಂದೆ ನೀರಿನ ಕೊಡ ಹಿಡಿದು ನಿಂತಿದ್ದ ದುರ್ಗಾ ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸುತ್ತ ಹೋದಳು. "ನಾವು ಒಂದೂರಾಗ ನಿಲ್ಲೋ ಮಂದಿ ಅಲ್ಲರಿ. ಕಟ್ಟಡ ಎದ್ದರ ನಾವೂ ಏಳ್ತೀವಿ. ಈಕಿ ಒಂದ ಕಡೆ ಇರಲಿ."

ಬಾಯಿ ಕೇಳುತ್ತಿದ್ದುದು ಸಾಬವ್ವನ ಮಾತು, ನೋಡುತ್ತಿದ್ದುದು ದುರ್ಗಾಳನ್ನು. ಜನವರಿಯಲ್ಲಿ ಪರೀಕ್ಷೆಗೆ ಕೂರಿಸು ಎಂದರು. ದುರ್ಗಾ ಕೂತಳು, ಪಾಸೂ ಆದಳು. ಕಟ್ಟಡ ಮುಗಿದು ಯೆರವಡಾದ ಮನೆಗೆ ಮರಳಿದ ಮೇಲೆ ಶಾಲೆಯಿಂದ ಸುದ್ದಿ ಬಂತು: ಫೀ ಮಾಫಿ ಕೊಡುವ ಮೊದಲು ಟ್ರಸ್ಟಿನವರು ಮನೆ ನೋಡಲು ಬರುತ್ತಾರೆ.

*

ಕಾಡಪ್ಪ ಬಂದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಸಾಬವ್ವನ ತಮ್ಮ. ಯಾದಗಿರಿಯಲ್ಲಿ ರೈಲು ಹತ್ತಿದವನು ಒಂದೇ ಉಸಿರಿನಲ್ಲಿ ಬಂದವನಂತೆ ಓಣಿಯ ಬಾಯಿಂದಲೇ "ಅಕ್ಕಾ" ಎಂದು ಕೂಗುತ್ತ ಬಂದು ಅವಳ ಮುಂದೆ ಕುಸಿದ. ತವರಿನ ಸೀರೆಯನ್ನು ಅವಳಿಗೆ ಹೊದಿಸಿದರು. ಅಳು ಒಂದು ಸುತ್ತು ಏರಿ ಇಳಿಯಿತು.

ದುರ್ಗಾ ಫೋನು ತೆಗೆದು ನೋಡಿದಳು. ಏನೂ ಇಲ್ಲ. ಮನೋಹರ ಬೆಳಿಗ್ಗೆ ಲೋಣಾವಳಾ ಮುಟ್ಟಿದೆವು ಎಂದು ಹೇಳಿದ್ದೇ ಕೊನೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೆಸರು ಓದುತ್ತಾರೆಂದು ಅವಳಿಗೆ ಗೊತ್ತಿತ್ತು. ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಫೋನು ಬರಬೇಕಿತ್ತು. ಅವಳೇ ಮಾಡಿದಳು, ರಿಂಗು ಹೋಗಿ ಹೋಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಮನೋಹರ ಎತ್ತಲಿಲ್ಲ.

ತನಗೆ ಆ ಶಾಲೆ ಸಿಕ್ಕ ಮೇಲೆ ಅವ್ವ ಸುಮ್ಮನೆ ಕೂಡಲಿಲ್ಲ. ಓಣಿಯಲ್ಲಿ ಓದುವ ಹುಡುಗಿ ಕಂಡರೆ ಸಾಕು, ಅವರವ್ವನಿಗೆ ಗಂಟುಬಿದ್ದು, ಹುಡುಗಿಯನ್ನು ಕರೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಇಬ್ಬರು ದಾಟಿದ್ದರು. ಸಿಗದೆ ತಿರುಗಿ ಬಂದವರೂ ಇದ್ದರು. ಅಂಥ ದಿನ ಅವ್ವ ಲೋಕಲಿನಲ್ಲಿ ಆ ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರುತ್ತಿದ್ದಳಂತೆ. ಇವತ್ತು ರೇಣುವನ್ನು ಯಾರು ಮಲಗಿಸಿಕೊಂಡಿರಬಹುದು? ಹೆಣವಿದ್ದ ಮನೆಯಿಂದ, ನಿದ್ದೆ ಕೆಟ್ಟ ಹುಡುಗಿಯನ್ನು ತಾನು ತಳ್ಳಿದ್ದು ಸರಿಯಾಯಿತೇ?

"ಅಕ್ಕ ಫೋನಿನಾಗ ಹೇಳತಿದ್ಳು," ಎಂದ ಕಾಡಪ್ಪ, ಮೂಗು ಒರೆಸಿಕೊಳ್ಳುತ್ತ. "ದುರ್ಗಾ ಡಾಕ್ಟರ್ ಆದ್ಳು ಅಂದಾಗ ನಾ ನಂಬಲಿಲ್ಲ. ಎಂಥಾ ಡಾಕ್ಟರು ಅಂತ ಕೇಳಿದೆ. ಮಂದೀದು ಯಾವ ದೊಡ್ಡ ಡಾಕ್ಟರಕಿ, ಎಲ್ಲಿ ನೋಯ್ತದ ಅಂತ ಅವರs ಹೇಳ್ತಾರ. ನನ್ನ ಮಗಳಿಗೆ ಎಮ್ಮಿ ಹೇಳದs ತಿಳೀತದ, ಅಂದ್ಳು."

ಅಳುತ್ತಿದ್ದವರೊಳಗೆ ಒಬ್ಬಿಬ್ಬರು ನಕ್ಕರು. ಕಾಡಪ್ಪ ಸುತ್ತ ನೋಡಿದ. "ಆದರೂ ಅಷ್ಟ ದೊಡ್ಡ ಸಾಲ್ಯಾಗ ಹೆಂಗ ಸೇರಿಸಿದ್ಳು? ಅದನ್ನ ಪೂರಾ ಯಾರೂ ಹೇಳಿಲ್ಲ ನನಗ."

ಎಲ್ಲರೂ ಈರಣ್ಣನ ಕಡೆ ನೋಡಿದರು. ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ಈರಣ್ಣ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನನ್ನ ಫ್ಯಾನಿನಿಂದ ಶುರು ಮಾಡಬೇಕು," ಎಂದ.

*

ಮನೆ ನೋಡಲು ಬರುತ್ತಾರೆ ಎಂಬ ಮಾತು ಓಣಿಗೆ ಗೊತ್ತಿದ್ದುದು ಒಂದೇ ಅರ್ಥದಲ್ಲಿ. ಹೆಣ್ಣು ನೋಡಲು ಬರುವವರು ಮನೆ ನೋಡುತ್ತಾರೆ. ಮನೆ ಚೆನ್ನಾಗಿದ್ದರೆ ಒಪ್ಪುತ್ತಾರೆ.

ಸಾಬವ್ವನಿಗೆ ಆ ದಿನ ಕಲ್ಯಾಣಿನಗರದಲ್ಲಿ ಕಟ್ಟುತ್ತಿದ್ದ ಬಂಗಲೆಯೊಂದರಲ್ಲಿ ಅರ್ಧ ದಿನದ ಕೆಲಸವಿತ್ತು. ಅವಳು ಅತ್ತ ಹೋದದ್ದೇ ತಡ, ಈರಣ್ಣ ತನ್ನ ಮನೆಯ ಟೇಬಲ್ ಫ್ಯಾನನ್ನು ಎತ್ತಿಕೊಂಡು ಬಂದ. ಶರಣಮ್ಮ, ಗಂಡ ಹೊಸದಾಗಿ ತಂದಿದ್ದ ಕಪ್ಪು ಬಿಳುಪು ಟಿ.ವಿ.ಯನ್ನು ಮಗುವಿನಂತೆ ಎದೆಗವಚಿಕೊಂಡು ತಂದಳು. ಹುಲಿಗೆವ್ವನ ಮನೆಯಿಂದ ಕಬ್ಬಿಣದ ಮಂಚ ಬಂತು, ಮೇಲೆ ಹೂವಿನ ಚಾದರ. ಯಾರೋ ಸ್ಟೀಲಿನ ಪಾತ್ರೆ ಭಾಂಡಿ ಸಾಲಾಗಿ ಜೋಡಿಸಿದರು. ಗಡಿಯಾರ ಬಂತು. ಬಂದವರು ಕೂರಲು ಬೇಕಲ್ಲ ಎಂದು, ಓಣಿಯ ಬಡಗಿಯ ಮನೆಯಿಂದ ಎರಡು ಕುರ್ಚಿ ಬಂದವು. ಶಂಕ್ರೆಪ್ಪನಿಗೆ ಮನೋಹರ ತಮ್ಮ ಪ್ಯಾಂಟು ಕೊಟ್ಟರು. ದುರ್ಗಾ ಮೂಲೆಯಲ್ಲಿ ನಿಂತು, ಇದು ಯಾರ ಮನೆಯೋ ಎಂಬಂತೆ ನೋಡುತ್ತಿದ್ದಳು.

ತಲೆಯ ಮೇಲೆಲ್ಲ ಸಿಮೆಂಟಿನ ಪುಡಿ ಮೆತ್ತಿಕೊಂಡು ಸಾಬವ್ವ ಓಡುತ್ತ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಟಿ.ವಿ. ಓಡುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದೆಯೇ ಪರಾಂಜಪೆ ಬಾಯಿ ಮತ್ತು ಕನ್ನಡಕದ ಸಾಹೇಬರೊಬ್ಬರು ತಲೆ ಬಗ್ಗಿಸಿ ಒಳಗೆ ಬಂದರು. ಸಾಹೇಬರು ಟ್ರಸ್ಟಿನವರು. ಕುರ್ಚಿಯಲ್ಲಿ ಕೂತು, ಗಾಳಿಗೆ ಮುಖ ಕೊಟ್ಟು, ಸುತ್ತ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಗಟ್ಟಿಯಾಯಿತು. ಬಾಯಿಗೆ ಮರಾಠಿಯಲ್ಲಿ ಹೇಳಿದರು: ಟಿ.ವಿ. ಇದೆ, ಫ್ಯಾನು ಇದೆ, ಮಂಚ ಇದೆ. ಇವರಿಗಿಂತ ಕಷ್ಟದಲ್ಲಿರುವವರು ಬೇಕಾದಷ್ಟಿದ್ದಾರೆ. ನಾವು ಇನ್ನು ಏಳೋಣ.

ದುರ್ಗಾಳಿಗೆ ಅರ್ಥವಾಯಿತು. ಮನೋಹರರಿಗೂ ಆಯಿತು, ಅವರು ಬೆವರಿದರು. ಬಾಗಿಲಲ್ಲಿ ಕಿಕ್ಕಿರಿದಿದ್ದ ಓಣಿ ಮಾತ್ರ ಇನ್ನೂ ನಗುಮುಖದಿಂದಲೇ ಇತ್ತು.

"ಏನಂತಾರ?" ಸಾಬವ್ವ ಕೇಳಿದಳು.

"ನಾವು ಬಡವರಲ್ಲ ಅಂತಾರ, ಅವ್ವ."

ಸಾಬವ್ವ ಫ್ಯಾನು ನೋಡಿದಳು, ಮಂಚ ನೋಡಿದಳು, ಬಾಗಿಲಲ್ಲಿ ನಿಂತವರನ್ನು ನೋಡಿದಳು. ಇದೆಲ್ಲ ತಮ್ಮದಲ್ಲ ಎಂದರೆ ಇಷ್ಟು ಪ್ರೀತಿಯಿಂದ ತಂದಿಟ್ಟವರ ಮಾನ ಹೋಗುತ್ತದೆ. ಎನ್ನದಿದ್ದರೆ ಮಗಳು ನಾಳೆ ಮತ್ತೆ ನೀರಿನ ಕೊಡ ಹಿಡಿಯುತ್ತಾಳೆ. ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

"ಶರಣವ್ವಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. "ನಿನ್ನ ಟಿ.ವಿ. ಒಯ್ಯಿ!"

ನಗು ನಿಂತಿತು.

"ಈರಣ್ಣ, ನಿಮ್ಮ ಫ್ಯಾನ್ ತಗೋರಿ."

"ಏ ಸಾಬವ್ವ, ಏನ್ ಮಾಡಾಕತ್ತೀದಿ? ನಮ್ಮ ಮಾನ ಕಳೀತಿ?" ಈರಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಮಾನ ಆಮ್ಯಾಲ ನೋಡೋಣು. ಮೊದಲ ಫ್ಯಾನ್ ಒಯ್ರಿ."

ಶರಣಮ್ಮ ಮೊದಲು ಹೆಜ್ಜೆ ಇಟ್ಟಳು. ತಂತಿ ಕಿತ್ತು ಟಿ.ವಿ. ಎತ್ತಿಕೊಂಡು ಹೊರಟಳು. ಈರಣ್ಣ ನೆಲ ನೋಡುತ್ತ ಬಂದು ಫ್ಯಾನು ಎತ್ತಿದ. ಹುಲಿಗೆವ್ವ ಚಾದರ ಮಡಚಿದಳು. ನಾಲ್ವರು ಸೇರಿ ಮಂಚವನ್ನು ಅಡ್ಡಮಾಡಿ ಬಾಗಿಲಿಂದ ದಾಟಿಸಿದರು. ಭಾಂಡಿಗಳು ಹೋದವು, ಗಡಿಯಾರ ಗೋಡೆಯಿಂದ ಇಳಿಯಿತು. ಕೊನೆಗೆ ಬಡಗಿ ಬಂದು ಸಾಹೇಬರ ಮುಂದೆ ನಿಂತು ತಲೆ ಕೆರೆದುಕೊಂಡ.

"ಸಾಹೇಬ್ರ, ಜರಾ ಏಳ್ತೀರೇನ್ರಿ? ಕುರ್ಚಿ ನಂದದ."

ಸಾಹೇಬರು ಎದ್ದರು. ಕುರ್ಚಿ ಹೋಯಿತು. ಬಾಯಿ ಕೂತಿದ್ದ ಕುರ್ಚಿಯೂ ಹೋಯಿತು. ಖಾಲಿ ಗೋಡೆಗಳ ನಡುವೆ ಒಂದು ಸ್ಟೋವ್, ಎರಡು ಮೂರು ಭಾಂಡಿ, ಗೂಟಕ್ಕೆ ನೇತುಹಾಕಿದ ಒಂದು ಪಾಟಿಚೀಲ ಉಳಿದವು.

"ಮಗ ತುಝಂ ಕಾಯ್?" ಹಾಗಾದರೆ ನಿನ್ನದೇನು, ಎಂದು ಬಾಯಿ ಕೇಳಿದರು. ಅವರ ತುಟಿ ಅದುರುತ್ತಿತ್ತು.

"ಈ ಒಲಿ, ಈ ಭಾಂಡಿ, ಈ ಗಂಡ, ಈ ಮಗಳು," ಎಂದಳು ಸಾಬವ್ವ. ಆಮೇಲೆ ಶಂಕ್ರೆಪ್ಪನ ಕಡೆ ನೋಡಿ, ಲೆಕ್ಕ ತಪ್ಪಬಾರದೆಂದು ಸೇರಿಸಿದಳು: "ಗಂಡನ ಪ್ಯಾಂಟು ಮನೋಹರ ಅವರದು. ಅದನ್ನಷ್ಟ ಈಗ ಬಿಚ್ಚಿ ಕೊಡಾಕ ಬರಂಗಿಲ್ರಿ."

ದುರ್ಗಾ ಅದನ್ನು ಒಂದಕ್ಷರ ಬಿಡದೆ ಮರಾಠಿಗೆ ತಿರುಗಿಸಿದಳು.

ಮೊದಲು ನಕ್ಕವರು ಸಾಹೇಬರು. ಆಮೇಲೆ ಬಾಯಿ; ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಶಂಕ್ರೆಪ್ಪ ಎರಡೂ ಕೈಯಿಂದ ಪ್ಯಾಂಟಿನ ಸೊಂಟ ಬಿಗಿಹಿಡಿದು ನಿಂತಿದ್ದ. ಹೊರಗೆ ಫ್ಯಾನು ಹಿಡಿದುಕೊಂಡ ಈರಣ್ಣನಿಗೂ ನಗು ತಡೆಯಲಾಗಲಿಲ್ಲ. ಬಾಯಿ ನೆಲದ ಮೇಲೆ ಕೂತು ನೀರು ಕೇಳಿ ಕುಡಿದರು. ಲೋಟ ಕೆಳಗಿಟ್ಟು ದುರ್ಗಾಳಿಗೆ ಹೇಳಿದರು, ಜೂನಿನಲ್ಲಿ ಬಾ.

*

ಹೇಳಿ ಮುಗಿಸಿದ ಈರಣ್ಣನೂ ಕೇಳಿದ ಕಾಡಪ್ಪನೂ ನಗುತ್ತ ಅಳುತ್ತಿದ್ದರು. ಅಂಗಳವೆಲ್ಲ ಹಾಗೆಯೇ ಇತ್ತು. ನಡುವೆ ಸಾಬವ್ವ, ತವರಿನ ಸೀರೆ ಹೊದ್ದು ಕುಳಿತಿದ್ದಳು.

ಆದರೆ ಹೊತ್ತು ನಿಲ್ಲುವಂತಿರಲಿಲ್ಲ. ಸೂರ್ಯ ಮುಳುಗುವುದರೊಳಗೆ ಮಣ್ಣಾಗಬೇಕು. ದುರ್ಗಾ ಒಮ್ಮೆ ತಡೆದಳು, ಎರಡನೆಯ ಸಲ ತಡೆದಳು. ಮೂರನೆಯ ಸಲ ಈರಣ್ಣ ಮೆಲ್ಲಗೆ ಹೇಳಿದ, "ಆಯ್ತು ಮಗಳ. ಇನ್ನ ನಡಿ." ಆ ದನಿಯಲ್ಲಿ ಬೆಳಗಿನ ಸಿಟ್ಟಿರಲಿಲ್ಲ. ಹೆಗಲ ಮೇಲೆ ಹೊತ್ತೊಯ್ಯುವ ಬಿದಿರಿನ ವಿಮಾನದಲ್ಲಿ ಸಾಬವ್ವನನ್ನು ಕೂರಿಸಿದರು. ಈರಣ್ಣ ಮುಂದಿನ ಕೊನೆಗೆ ಹೆಗಲು ಕೊಟ್ಟ, ಜೊತೆಗೆ ಕಾಡಪ್ಪ ಮತ್ತು ಓಣಿಯ ಇಬ್ಬರು ಹುಡುಗರು. ಹಲಗಿ ಬಾರಿಸತೊಡಗಿದರು. ಚಿಗವ್ವನಿಗೆ ಕೊಟ್ಟ ಮಾತು ಮುರಿದೆನಲ್ಲ ಎಂದುಕೊಂಡು ದುರ್ಗಾ ಅಪ್ಪನ ಕೈ ಹಿಡಿದು ಹಿಂದೆ ನಡೆದಳು.

ದೊಡ್ಡ ರಸ್ತೆಗೆ ಬಂದಾಗ ಕಂಪನಿ ಬಿಡುವ ಹೊತ್ತು. ಬಸ್ಸುಗಳು ಸಾಲುಗಟ್ಟಿ ನಿಂತವು. ಪದ್ಧತಿಯಂತೆ ನಡುದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ ವಿಮಾನ ಇಳಿಸಿದರು. ಆಗ ನಿಂತ ವಾಹನಗಳ ನಡುವಿನಿಂದ ನೀಲಿ ಅಂಗಿಯೊಂದು ನುಗ್ಗುತ್ತ ಬಂತು. ಹಿಂದೆ ಶರಣಮ್ಮ, ಅವಳ ಹಿಂದೆ ಏದುಸಿರು ಬಿಡುತ್ತ ಮನೋಹರ.

"ರೇಣು!" ದುರ್ಗಾ ಅವಳ ಭುಜ ಹಿಡಿದು ಮುಖ ನೋಡಿದಳು. ಹುಡುಗಿ ತುಟಿ ಬಿಗಿಹಿಡಿದು ತಲೆಯಾಡಿಸಿದಳು. "ಏನಾತು? ಯಾಕ ಫೋನ್ ಎತ್ತಲಿಲ್ಲರಿ?"

"ಶರಣಮ್ಮ ಬಿಡಲಿಲ್ಲರಿ," ಎಂದರು ಮನೋಹರ. "ಮೊದಲ ಸಾಬವ್ವಗ ಹೇಳಬೇಕು, ಆಮ್ಯಾಲ ಉಳಿದವರಿಗೆ, ಅಂತ ಫೋನು ಕಸಗೊಂಡು ಸೆರಗಿನಾಗ ಕಟ್ಟಿಕೊಂಡ್ರು."

ಶರಣಮ್ಮ ಯಾರನ್ನೂ ನೋಡಲಿಲ್ಲ. ಮೊಮ್ಮಗಳನ್ನು ವಿಮಾನದ ಹತ್ತಿರ ಕರೆದೊಯ್ದಳು. ಹಲಗಿ ತಾನಾಗಿ ನಿಂತಿತು. ರೇಣು ಬಾಗಿ, ಹೂವಿನ ಹಾರ ಸರಿಸಿ, ತಾನು ಆಯಿ, ಅಜ್ಜಿ ಎಂದೇ ಕರೆಯುತ್ತಿದ್ದ ಸಾಬವ್ವನ ಕಿವಿಗೆ ಬಾಯಿ ಹಚ್ಚಿದಳು. ಗುಟ್ಟಿನಲ್ಲಿ ಹೇಳಬೇಕೆಂದಿದ್ದವಳಿಗೆ ದನಿ ತಡೆಯಲಾಗಲಿಲ್ಲ.

"ಆಯಿ, ಸಿಕ್ತು!" ಎಂದದ್ದು ರಸ್ತೆಯ ಆಚೆಗೂ ಕೇಳಿಸಿತು. "ಮೂರು ಹೆಸರು ಓದಿದ್ರು. ನಂದs ಮೊದಲ."

ಶರಣಮ್ಮ ಆಗ ಅತ್ತಳು. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಒಮ್ಮೆಗೇ. "ಇಂಗ್ಲಿಷ್ ಓದು ಅಂದ್ರು, ಓದಿದ್ಳು. ಲೆಕ್ಕ ಕೊಟ್ರು, ಮಾಡಿದ್ಳು. ಮನ್ಯಾಗ ಯಾರ ಅದಾರ ಅಂದಾಗ, ನಮ್ಮ ಆಯಿ ಅದಾಳ, ನಿನ್ನೆ ಸತ್ತಾಳ, ಸಂಜೀ ಮಟಾ ಕಾಯ್ತಾಳ, ಲಗೂ ಬಿಡ್ರಿ ಅಂದ್ಳು."

ಯಾರೋ ಬುಕ್ಕಿಟ್ಟು ಎರಚಿದರು. ಕೆಂಪು ಪುಡಿ ಗಾಳಿಯಲ್ಲಿ ಹರಡಿ ಬಸ್ಸಿನ ಗಾಜುಗಳ ಮೇಲೆ ಕೂತಿತು. ಹಲಗಿ ಮತ್ತೆ ಎದ್ದಿತು, ಈ ಸಲ ಮದುವೆಯ ಮೆರವಣಿಗೆಯ ಗತ್ತಿನಲ್ಲಿ. ಶಂಕ್ರೆಪ್ಪ ರೇಣುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ವಿಮಾನ ಎತ್ತುವ ಹೊತ್ತಾಯಿತು. ಈರಣ್ಣ ಬಾಗಿ ತನ್ನ ಬದಿಯ ಬಿದಿರಿಗೆ ಕೈ ಹಾಕಿದವನು ನಿಂತ. ಹಿಂದೆ ತಿರುಗಿ ದುರ್ಗಾಳನ್ನು ಹುಡುಕಿದ.

"ಬಾರವ್ವ," ಎಂದ. "ಇದು ನಿಂದು."

ಹೆಣ್ಣುಮಕ್ಕಳು ಹೆಗಲು ಕೊಡುವ ಪದ್ಧತಿ ಆ ಓಣಿಯಲ್ಲಿರಲಿಲ್ಲ. ಯಾರೂ ಆ ಮಾತು ಎತ್ತಲಿಲ್ಲ. ದುರ್ಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿದಿರಿನ ಕೆಳಗೆ ಹೆಗಲಿಟ್ಟಳು.

ಹೊತ್ತ ನಾಲ್ವರಲ್ಲಿ ಅವಳೇ ಗಿಡ್ಡ. ವಿಮಾನ ಮೇಲೇಳುತ್ತಲೇ ಅವಳ ಕಡೆಗೆ ವಾಲಿತು. ಸಾಬವ್ವನ ಮೈ ಒಂದು ಪಕ್ಕಕ್ಕೆ ಜಾರಿತು. "ತಡೀರಿ, ತಡೀರಿ," ಎಂದ ಕಾಡಪ್ಪ. ಮೂವರು ಗಂಡಸರೂ ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ, ದುರ್ಗಾಳ ಹೆಗಲಿನ ಮಟ್ಟಕ್ಕೆ ತಗ್ಗಿದರು. ಹಾಗೆ ತಗ್ಗಿಕೊಂಡೇ, ಸಾಲುಗಟ್ಟಿ ನಿಂತ ಬಸ್ಸುಗಳ ಪಕ್ಕದಲ್ಲಿ, ಹಲಗಿಯ ಹಿಂದೆ ಹೆಜ್ಜೆ ಹಾಕುತ್ತ ಹೋದರು. ಮೇಲೆ ಸಾಬವ್ವ ನೆಟ್ಟಗೆ ಕುಳಿತಿದ್ದಳು.